ಬೋಗುಣಿ ನಾನೇ ಒಯ್ದಿದ್ದೇನೆ

ಅತ್ತೆಮ್ಮ,

ಇದನ್ನು ನಿಮ್ಮ ಮಗ ವಾಂಡಿ ಕೈಲಿ ಓದಿಸಿಕೊಳ್ಳಿ. ನಡುವೆ ನಕ್ಕರೆ ಅವನ ಕಿವಿ ಹಿಂಡಿ.

ಮರಗೆಣಸಿನ ಸೊಪ್ಪಿನ ಸಾರು ಒಲೆ ಮೇಲಿದೆ. ಮೀನು ನಿಮ್ಮ ಪಾಲಿನದು, ಅವನಿಗೆ ಬಡಿಸಿಬಿಡಬೇಡಿ.

ಹೆಣ ತೊಳೆಯುವ ನಿಮ್ಮ ಬೋಗುಣಿಯನ್ನು ಹುಡುಕಬೇಡಿ. ತರಬೇತಿ ನಡೆಯುವ ಕೆನೆಮಾ ಪಟ್ಟಣಕ್ಕೆ ನಾನೇ ಒಯ್ದಿದ್ದೇನೆ. ಪಕ್ಕದ ಮನೆಯ ಬೈಂದು ಅಜ್ಜಿಗೆ ಎಬೋಲಾ ಇರಬಹುದು. ಆಸ್ಪತ್ರೆಗೆ ಹೇಳಿದ್ದೇನೆ, ಗಾಡಿ ಬರುತ್ತೆ. ಅಲ್ಲಿಯವರೆಗೆ ಗಂಜಿಯನ್ನು ಬಾಗಿಲಲ್ಲಿಟ್ಟು ಬನ್ನಿ. ಅಜ್ಜಿ ಹೋಗಿಬಿಟ್ಟರೆ ತೊಳೆಯಲು ಹೋಗಬೇಡಿ. ಮುಟ್ಟಿದರೆ ಅಂಟುವ ಈ ರೋಗದ ಜೋರು ಸತ್ತವರ ಮೈಯಲ್ಲೇ ಹೆಚ್ಚು.

ನಿನ್ನೆ ನಮ್ಮ ಸಮಾಜ ಕಾರ್ಯಕರ್ತೆಯರ ತರಬೇತಿಯಲ್ಲಿ ನಾಟಕ ಆಡಿಸಿದರು. ಒಬ್ಬಾಕೆ ಮಗನನ್ನು ಕಳೆದುಕೊಂಡ ತಾಯಿಯಾಗಿ ಅತ್ತಳು. ನಾನು ದೂರದಿಂದಲೇ ಸಮಾಧಾನ ಹೇಳಬೇಕಿತ್ತು. ಓಡಿಹೋಗಿ ತಬ್ಬಿಕೊಂಡೆ. "ಮಾತ್ತು, ನೀನೂ ಸತ್ತೆ, ಕೂತ್ಕೋ" ಅಂದರು ಮೇಷ್ಟರು. ಎಲ್ಲರೂ ನಕ್ಕರು. ಆಮೇಲೆ, "ಯಾರಿಗೆ ಬೇಡ ಅನ್ನೋದು ಕಷ್ಟವೋ ಅವರಿಗೇ ಮೊದಲು ಹೇಳಿ ಬಾ" ಅಂತ ಮನೆಗೆ ಕಳಿಸಿದರು. ರಾತ್ರಿ ಊಟಕ್ಕೆ ಕೂತಾಗ ನಿಮಗೆ ಬೇಡ ಅನ್ನಲಾಗದೆ ಈ ಕಾಗದ ಬರೆಯುತ್ತಿದ್ದೇನೆ. ನನ್ನ ಅವ್ವನನ್ನು ತೊಳೆದು ಕಳಿಸಿಕೊಟ್ಟ ಕೈ ನಿಮ್ಮದು.

ತೊಳೆಯದೆ ಕಳಿಸಿದರೆ ತೀರಿಹೋದ ಹಿರಿಯರು ಸೇರಿಸಿಕೊಳ್ಳೋಲ್ಲ ಅಂತೀರಿ. ಮೇಷ್ಟರ ಹತ್ತಿರ ಅದನ್ನೂ ಕೇಳಿದೆ. ಹೊದಿಸುವ ಬಟ್ಟೆಯನ್ನು ನೀವೇ ಆರಿಸಿ ಕೊಡಬಹುದಂತೆ. ದೂರ ನಿಂತು ಹಿರಿಯರ ಹೆಸರು ಹಿಡಿದು ಕರೆಯಬಹುದಂತೆ. ಹೊಳೆಯಾಚೆ ಬಟ್ಟೆ ಒಗೆಯುವವರಿಗೇ ಕೇಳುವ ನಿಮ್ಮ ದನಿ ಹಿರಿಯರಿಗೆ ಕೇಳದೆ ಇರುತ್ತಾ!

ಇನ್ನು ಶನಿವಾರವೇ ಬರೋದು. ಬೋಗುಣಿ ಕದ್ದವಳನ್ನು ಬಾಗಿಲಲ್ಲೇ ನಿಲ್ಲಿಸಿ ಬೈಯಿರಿ. ಬೈಯಲು ನೀವೇ ಇರಬೇಕು, ಅತ್ತೆಮ್ಮ.

ಮಾತ್ತು