ಏಳನೆಯ ಸೂಜಿ

ಅವ್ವಾ,

ದಸರಾ ರಜೆ ಬಂತೆಂದರೆ ನೀನು ಊರು ಹುಡುಕುತ್ತಿರಲಿಲ್ಲ, ಕೈಕೆಲಸ ಹುಡುಕುತ್ತಿದ್ದೆ. ನೆನಪಿದೆಯಾ? ಬೀದರಿಗೆ ಹೋದರೆ ಕೋಟೆಗಿಂತ ಮೊದಲು ಬಿದ್ರಿ ಕೆಲಸದವರ ಅಂಗಳ. ಬಶೀರಾಬಾದಿಗೆ ಮದುವೆಗೆಂದು ಹೋದವಳು ಕುಂಬಾರರ ತಿಗರಿಯ ಮುಂದೆ ನಮ್ಮನ್ನೆಲ್ಲ ಕೂರಿಸಿ, ಅಪ್ಪನ ಹೊಸ ಪ್ಯಾಂಟಿಗೂ ಮಣ್ಣು ಮೆತ್ತಿಸಿದ್ದೆ. "ನೋಡಿದ್ದು ಮರೀತೀರಿ, ಕೈಲೆ ಮಾಡಿದ್ದು ಮರಿಯಂಗಿಲ್ಲ" ಅನ್ನುತ್ತಿದ್ದೆ. ನೀನು ಹೋದ ಮೇಲೆ ಮೊದಲ ಸಲ ಈ ವರ್ಷ ಅಂಥ ಪ್ರವಾಸ ಗೊತ್ತು ಮಾಡಿದವಳು ನಾನು. ಯಾಕಾದರೂ ಮಾಡಿದೆನೋ ಅಂತ ಮೂರು ದಿನದಿಂದ ಹೆದರಿ ಸಾಯುತ್ತಿದ್ದೇನೆ.

ಜಹೀರಾಬಾದಿನ ಮನೆಯಿಂದ ಹೊರಟಾಗ ಎಂಥ ಸಂಭ್ರಮ ಅಂತೀ! ನನ್ನ ಮಗಳು ಶಿಲ್ಪಾಳಿಗೆ ಹೆಣ್ಣು ಕೂಸಾಗಿದೆ, ಈಗ ನಾಲ್ಕು ತಿಂಗಳು. ನಾರಾಯಣಖೇಡದ ಸುಭದ್ರಾ ಚಿಕ್ಕಮ್ಮನ ಮನೆಯಲ್ಲಿ ಮೂರು ದಿನ ಉಳಿದು, ಎಲ್ಲರೂ ಸೇರಿ ಆ ಕೂಸಿಗೆ ಕೌದಿ ಹೊಲಿಯುವುದು, ಅದೇ ನಮ್ಮ ಪ್ರವಾಸ. ಮೇಲೆ ಕೆಳಗೆ ನಿನ್ನ ಸೀರೆಯ ತುಂಡುಗಳು. ಒಳಪದರಕ್ಕೆ ನಿನ್ನ ಟ್ರಂಕಿನ ತಳದಲ್ಲಿದ್ದ ಚಿಕ್ಕ ಕೆಂಪು ಕೌದಿಯನ್ನು ಇಡಿಯಾಗಿ ಹಾಕಿದೆ. ಒಮ್ಮೆಯೂ ಹಾಸದ, ಮೆತ್ತನೆಯ ಕೌದಿ. ಕೂಸಿಗೆ ಇನ್ನೇನು ಬೇಕು ಅಂದುಕೊಂಡೆ. ಕೊನೆಗೆ ನಮ್ಮ ಮನೆಯ ರೂಢಿಯಂತೆ ಮೂಲೆಯಲ್ಲಿ ರೊಟ್ಟಿಯ ಚೂರಿಟ್ಟು, ಕೌದಿಯ ಹೊಟ್ಟೆ ತುಂಬಿಸಿ ಬಾಯಿ ಹೊಲಿದೆವು. ಶಿಲ್ಪಾ ಅದನ್ನೂ ಕೂಸನ್ನೂ ಎತ್ತಿಕೊಂಡು ಗಂಡನ ಜೊತೆ ತಾಂಡೂರಿಗೆ ಹೋದಳು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಸೂಜಿಯ ಡಬ್ಬಿ ತೆರೆದು ನಿನ್ನ ಹಾಗೆಯೇ ಎಣಿಸಿದೆ. ಹೊಲಿಯಲು ಕೂರುವಾಗ ಏಳು, ಎದ್ದಾಗ ಏಳು ಇರಲೇಬೇಕೆಂಬುದು ನಿನ್ನ ಕಟ್ಟಪ್ಪಣೆಯಲ್ಲವೆ? ಆರು ಇದ್ದವು. ಮತ್ತೆ ಎಣಿಸಿದೆ. ಆರೇ. ಬಸ್ಸಿನ ಅವಸರದಲ್ಲಿ ಅಲ್ಲೇ ಎಣಿಸದೆ ಬಂದಿದ್ದೆ, ನನ್ನ ಬುದ್ಧಿಗೆ ಏನು ಹೇಳಲಿ? ಕೂಡಲೇ ಶಿಲ್ಪಾಳಿಗೆ ಫೋನು ಮಾಡಿದೆ.

"ಕೂಸೆಲ್ಲಿ?"

"ಕೌದಿ ಮ್ಯಾಲ ಮಕ್ಕೊಂಡದವ್ವಾ. ರಾತ್ರಿ ಅಷ್ಟೂ ಅದರ ಮ್ಯಾಲೇ."

"ಎತ್ತು! ಮೊದ್ಲ ಎತ್ಕೋ ಅದನ್ನ! ಒಳಗ ಸೂಜಿ ಉಳದದ!"

ಅವಳು ಚೀರಿದಳೋ ಕೂಸು ಚೀರಿತೋ ತಿಳಿಯಲಿಲ್ಲ. ಫೋನು ಬಿದ್ದ ಸದ್ದು. ಮತ್ತೆ ಯಾರೂ ಎತ್ತಲಿಲ್ಲ.

ಮೊದಲು ಸಿಕ್ಕ ತಾಂಡೂರಿನ ಬಸ್ಸು ಹತ್ತಿದೆ. ಮೈಯೊಳಗೆ ಇಳಿದ ಸೂಜಿ ಎದೆಯ ಕಡೆಗೆ ಹರಿಯುತ್ತದೆ ಅಂತ ಚಿಕ್ಕಂದಿನಲ್ಲಿ ನೀನೇ ನಮ್ಮನ್ನು ಹೆದರಿಸಿದ್ದೆ. ಅದು ನಿಜವೋ ಸುಳ್ಳೋ ಯಾರನ್ನು ಕೇಳಲಿ? ದಾರಿಯುದ್ದಕ್ಕೂ ಆ ಪುಟ್ಟ ಬೆನ್ನೇ ಕಣ್ಣ ಮುಂದೆ...

ಬಾಗಿಲಲ್ಲಿ ಕಾಲಿಟ್ಟಾಗ ಕೂಸು ಬೀಗತಿಯ ತೊಡೆಯ ಮೇಲೆ ಆಡುತ್ತಿತ್ತು. ಬೆನ್ನು, ತೊಡೆ, ಹಿಮ್ಮಡಿ ಎಲ್ಲ ತಡವಿ ನೋಡಿ ಅತ್ತುಬಿಟ್ಟೆ. ಕತ್ತರಿ ಕೇಳಿದರೆ ಬೀಗತಿ ನನ್ನ ಕೈ ಹಿಡಿದರು.

"ಹೊಟ್ಟಿ ತುಂಬಿಸಿದ ಕೌದಿ ಬಿಚ್ಚಬಾರದ್ರಿ. ಕೂಸಿನ ಅನ್ನ ಕಸಗೊಂಡಂಗ ಆತದ."

"ತಡೀರಿ ಅತ್ತಿ, ಪರೇಶಾನ್ ಆಗಬ್ಯಾಡ್ರಿ" ಎಂದು ಅಳಿಯ ಹಳೆಯ ಸ್ಪೀಕರೊಂದನ್ನು ಒಡೆದು ಅಯಸ್ಕಾಂತ ತೆಗೆದ. ಕೌದಿಯ ಮೇಲೆ ಆಡಿಸುತ್ತ ಹೋದ. ನಡುವೆ ಒಂದು ಕಡೆ ಬಟ್ಟೆ ಮೇಲೆದ್ದು ಅಯಸ್ಕಾಂತಕ್ಕೆ ಅಂಟಿತು. ಬೀಗತಿ ಬೇಡ ಬೇಡ ಅನ್ನುತ್ತಿದ್ದಂತೆಯೇ ಅಲ್ಲಿ ಕತ್ತರಿಸಿದೆ.

ಅಂಗೈಗೆ ಬಂದ ಸೂಜಿ ಕಪ್ಪಗಿತ್ತು ಅವ್ವಾ. ತುಕ್ಕು ತಿಂದು, ಆ ಕೆಂಪು ಕೌದಿಯ ಒಳಗಿನ ಬಟ್ಟೆಗೆ ಕಚ್ಚಿಕೊಂಡಿತ್ತು. ನಮ್ಮ ಸೂಜಿಗಳು ಮೊನ್ನೆ ತಂದ ಹೊಸವು. ಯಾರೂ ಸರಿಯಾಗಿ ನೋಡುವ ಮೊದಲೇ ಮುಷ್ಟಿ ಮುಚ್ಚಿಕೊಂಡೆ.

ನನ್ನ ತಮ್ಮ ಹುಟ್ಟಿದಾಗ ಅವನಿಗೆಂದು ನೀನು ಹೊಲಿದ ಕೌದಿಯಲ್ಲವೆ ಅದು? ಒಂದು ದಿನವೂ ಅವನಿಗೆ ಹಾಸಲಿಲ್ಲ. "ಅದನ್ನ ಯಾರೂ ಮುಟ್ಟಬ್ಯಾಡ್ರಿ" ಎಂದು ನೀನೇ ಟ್ರಂಕಿನ ತಳಕ್ಕೆ ತಳ್ಳಿದೆ. ಹೊಲಿದು ಎದ್ದಾಗ ನಿನಗೂ ಆರೇ ಸೂಜಿ ಸಿಕ್ಕವಾ? ಹೊಟ್ಟೆ ತುಂಬಿಸಿದ್ದನ್ನು ಬಿಚ್ಚಲು ಹೆದರಿದೆ, ಹಾಸಲೂ ಹೆದರಿದೆ, ಹೌದಾ? ಹೊಸ ಸೂಜಿ ತಂದು ಡಬ್ಬಿಯಲ್ಲಿ ಏಳು ಮಾಡಿದೆಯಾ? ಅಷ್ಟು ವರ್ಷ ಒಬ್ಬಳೇ ಹೇಗೆ... ನನಗೊಂದು ಮಾತು ಹೇಳಬಾರದಿತ್ತೇ? ನಿನ್ನ ಮೇಲೆ ಸಿಟ್ಟು ಬರುತ್ತಿದೆ ಅವ್ವಾ, ಅಳುವೂ ಬರುತ್ತಿದೆ.

ಇವತ್ತು ಬೆಳಿಗ್ಗೆ ಚಿಕ್ಕಮ್ಮ ನಗುತ್ತ ಫೋನು ಮಾಡಿದಳು. "ನಿನ್ನ ಸೂಜಿ ನನ್ನ ಕುಬಸಕ್ಕೇ ಚುಚಗೊಂಡಿದ್ದೆ ನೋಡವ್ವಾ. ಒಗ್ಯಾಕ ಹಾಕುಮುಂದ ಕಂಡಿತು." ನನಗೆ ನಗು ಬರಲಿಲ್ಲ. ಅವಳು ಅಂದೇ ಅದನ್ನು ಡಬ್ಬಿಗೆ ಹಾಕಿದ್ದರೆ ನಾನು ಏಳು ಎಣಿಸಿ ನಿಶ್ಚಿಂತೆಯಿಂದ ಇರುತ್ತಿದ್ದೆ, ಕೂಸು ದಿನಾ ನಿನ್ನ ಸೂಜಿಯ ಮೇಲೆ... ಬರೆಯಲೂ ಭಯ.

ಚಿಕ್ಕಮ್ಮ ಶಿಲ್ಪಾಳಿಗೂ ಹೇಳಿಬಿಟ್ಟಿದ್ದಾಳೆ. ಮಧ್ಯಾಹ್ನ ಅವಳ ಫೋನು ಬಂತು. "ಹಂಗಾದ್ರ ಕೌದ್ಯಾಗ ಸಿಕ್ಕಿದ್ದು ಯಾರ ಸೂಜಿ ಅವ್ವಾ?"

"ನಂದೇ" ಅಂದೆ. "ಮೊದಲೊಮ್ಮೆ ಆ ಕೆಂಪು ಕೌದಿ ಹೊಲಿಯಾಕ ಹೋಗಿ ಒಳಗ ಮರ್ತಿದ್ದೆ."

ಶಿಲ್ಪಾ, ಇನ್ನು ಇಂಥ ಪ್ರವಾಸಕ್ಕೆ ಕೂಸನ್ನು ಕಳಿಸುವುದಿಲ್ಲ ಎಂದಳು. ಕಳಿಸದಿದ್ದರೆ ಬೇಡ. ನಿನ್ನ ಹೆಸರು ಮಾತ್ರ ನಾನು ಹೇಳುವುದಿಲ್ಲ ಅವ್ವಾ.

ನಿನ್ನ ಮಗಳು,
ನೀಲಾ