ಕಿವಿ ಮುಚ್ಚಿಕೊಂಡ ರಾಜನಿಗೆ

ತಾತ,

ಒಂದಾನೊಂದು ಊರಲ್ಲಿ ಒಬ್ಬ ರಾಜನಿದ್ದ. ರಾಣಿ ಇನ್ನು ಉಳಿಯುವುದಿಲ್ಲವೆಂದು ಡಾಕ್ಟರ್ ಹೇಳಿದ ದಿನ, ತನ್ನ ಕಿವಿಯ ಮಷಿನ್ನಿನ ಸೆಲ್ ಕಿತ್ತು ಕಿಟಕಿಯಾಚೆ ಎಸೆದ. "ದೇವರು ಹೇಳೋದು ಇನ್ನೇನಿದೆ?" ಎಂದ. ಪ್ರಾರ್ಥನೆಗೆ ಕೂತರೆ ಮೊಮ್ಮಗಳಿಗೂ ಬರೀ ಅಳು.

ಆಸ್ಪತ್ರೆಯಲ್ಲಿ ರಾಣಿ ಮಾತ್ರ ಗದರಿದಳು: "ದಿನಾ ಫೋನಲ್ಲಿ ನಾನು ದೇವರ ವಾಕ್ಯ ಹೇಳೋದು ಗೋಡೆಗೇನೇ? ಆ ಮುದುಕನಿಗೆ ಹೊಸ ಸೆಲ್ ಹಾಕೇ. ನನ್ನ ಉಸಿರಿರೋವರೆಗಾದ್ರೂ ಕೇಳಲಿ." ಮೊಮ್ಮಗಳು ಮಾತು ಕೊಟ್ಟಳು.

ಈಗ ಅವಳು ಅಜ್ಜಿ ಹತ್ತಿರ ಹೊರಟಿದ್ದಾಳೆ. ಅನ್ನ ಮುಚ್ಚಿಟ್ಟಿದ್ದಾಳೆ, ರಾಜ ತಿನ್ನದೆ ಮಲಗಿದರೆ ಜಗಳವೇ. ಸಂಜೆ ಫೋನ್ ಬರುತ್ತದೆ. ಅಜ್ಜಿಯ ದನಿ ತೀರಾ ಸಣ್ಣಗಾಗಿದೆ.

ಮಷಿನ್ ಫೋನಿನ ಪಕ್ಕದಲ್ಲೇ ಇದೆ. ಸೆಲ್ ಹಾಕಿದ್ದೇನೆ, ತಾತ.