ಗುಳುಮುಳುಕಕ್ಕೆ ಎಂಟು ದಿನ

ಪಂಪ್‌ಹೌಸ್ ವಸತಿಗೃಹ
೧೭ ಆಗಸ್ಟ್

ಪ್ರೀತಿಯ ಅಪ್ಪಾ,

ಕಣ್ಣಿನ ಪಟ್ಟಿ ಬಿಚ್ಚಿದರೇ? ಔಷಧಿ ಹನಿ ಹೊತ್ತಿಗೆ ಸರಿಯಾಗಿ ಬೀಳುತ್ತಿದೆಯೇ? ಅಕ್ಕ ಈ ಪತ್ರ ಓದಿ ಹೇಳುವಾಗ ತನಗೆ ಹಿಡಿಸದ ಸಾಲುಗಳನ್ನು ಹಾರಿಸದಿದ್ದರೆ ಸಾಕು.

ನೀವು ಮೂವತ್ತು ವರ್ಷ ಕಾದ ಜಲಾಶಯದಲ್ಲಿ ಈ ಸಲ ಒಂದು ಜೋಡಿ ಗುಳುಮುಳುಕ ಗೂಡು ಕಟ್ಟಿದೆ. ಮುಷ್ಟಿಗಾತ್ರದ ಹಕ್ಕಿ, ಬಾಲವೇ ಇಲ್ಲವೇನೋ ಅನ್ನಿಸುವಂಥದ್ದು. ನೋಡುತ್ತಿದ್ದಂತೆಯೇ ಗುಳುಕ್ಕನೆ ಮುಳುಗಿ ಇನ್ನೆಲ್ಲೋ ತಲೆ ಎತ್ತುತ್ತದೆ. ಗೂಡೆಂದರೆ ಜೊಂಡಿಗೆ ಸಿಕ್ಕಿಸಿದ, ನೀರಿನ ಮೇಲೆ ತೇಲುವ ಕಳೆಯ ಮುದ್ದೆ. ಎದ್ದು ಹೋಗುವಾಗೆಲ್ಲ ಮೊಟ್ಟೆಗಳ ಮೇಲೆ ಒದ್ದೆ ಕಳೆ ಎಳೆದು ಮುಚ್ಚಿಯೇ ಹೋಗುತ್ತದೆ.

ಹೋದ ವಾರ ಎಂಜಿನಿಯರ್ ಸಾಹೇಬರು ಕಳೆ ಕೊಯ್ಯುವವರನ್ನು ಕರೆತಂದರು. ಮೇಲಧಿಕಾರಿಗಳು ಬರುತ್ತಾರಂತೆ, ನೀರು ಥಳಥಳ ಹೊಳೆಯಬೇಕಂತೆ. ಇರುವುದು ಒಂದೇ ದೋಣಿ. ಗೂಡಿದೆ ಎಂದು ಹೇಳಿ ಅದರ ಬೀಗದ ಕೈ ನಾನು ಕೊಡಲಿಲ್ಲ. "ಗೂಡೆಲ್ಲಿದೆ? ಬರೀ ಕೊಳೆ" ಎಂದರು. ನಾನೇ ಹುಟ್ಟು ಹಾಕಿ ಎಲ್ಲರನ್ನೂ ಕರೆದೊಯ್ದು ಕಳೆ ಸರಿಸಿ ತೋರಿಸಿದೆ. ನಾಲ್ಕು ಮೊಟ್ಟೆ, ಕಳೆಯ ಬಣ್ಣ ಹತ್ತಿ ಕಂದಾಗಿದ್ದವು. ಸಾಹೇಬರು ಬಗ್ಗಿ ನೋಡಿದರು. ಆಮೇಲೆ, "ಹಕ್ಕಿಗೋಸ್ಕರ ಕೆಲಸ ಕಳ್ಕೋತೀಯೇನಮ್ಮಾ?" ಎಂದರು. "ಎಂಟು ದಿನ ಕೊಡಿ ಸಾರ್. ಆಮೇಲೆ ನಾನೇ ಕುಡುಗೋಲು ಹಿಡ್ಕೊಂಡು ಇಳೀತೀನಿ" ಎಂದೆ. ಒಪ್ಪಲಿಲ್ಲ. ಮೊಟ್ಟೆಗಳನ್ನು ಮತ್ತೆ ಮುಚ್ಚಿ, ದಡಕ್ಕೆ ಬಂದು, ದೋಣಿಗೆ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. "ಬೀಗ ಒಡೀರಿ!" ಎಂದು ಕೂಗಿದರು. ಮೊಟ್ಟೆ ನೋಡಿ ಬಂದಿದ್ದ ಕೊಯ್ಯುವವರು ಒಬ್ಬರೂ ಏಳಲಿಲ್ಲ. ನಾನು ಪಂಪ್ ಚಾಲೂ ಮಾಡಲು ಹೋದೆ. ಊರಿಗೆ ನೀರು ಬಿಡುವುದನ್ನು ಒಂದು ದಿನವೂ ತಪ್ಪಿಸಿಲ್ಲ ಅಪ್ಪಾ, ಯಾರು ಏನೇ ಹೇಳಲಿ.

ಮೇಲಧಿಕಾರಿಗಳು ಮೊನ್ನೆ ಬಂದರು. ನೀರಿನ ಕಡೆ ತಿರುಗಿಯೂ ನೋಡದೆ ಊಟ ಮಾಡಿ ಹೋದರು.

ಇವತ್ತು ಬೆಳಿಗ್ಗೆ ತಾಯಿಯ ಬೆನ್ನಿನ ಗರಿಗಳ ನಡುವಿನಿಂದ ಮೂರು ಪಟ್ಟೆ ತಲೆಗಳು ಇಣುಕಿದವು! ನಾಲ್ಕನೆಯದು ಒಡೆಯಲಿಲ್ಲ. ಗಂಡು ತನ್ನದೇ ಪುಕ್ಕ ಕಿತ್ತು ಮರಿಗಳಿಗೆ ತಿನ್ನಿಸಿತು. ಯಾಕೋ ನನಗೆ ಗೊತ್ತಿಲ್ಲ, ಕಂಡದ್ದು ಬರೆದೆ.

ಅಕ್ಕ ಭಾವನನ್ನು ಕೇಳಿದೆನೆಂದು ಹೇಳಿ. ಕಣ್ಣು ಉಜ್ಜಿಕೊಳ್ಳಬೇಡಿ.

ನಿಮ್ಮ ಮೊಂಡು ಮಗಳು

ತಾ.ಕ.: ಅಂಚೆಯವರು ಬಾಗಿಲಲ್ಲೇ ನಿಂತಿದ್ದಾರೆ. ನಿನ್ನೆಯಿಂದ ನನ್ನನ್ನು ಅಮಾನತಿನಲ್ಲಿಟ್ಟಿದ್ದಾರೆ. ತಪ್ಪಾಯಿತೆಂದು ಬರೆದುಕೊಟ್ಟರೆ ವಾಪಸ್ ತೆಗೆದುಕೊಳ್ಳುತ್ತಾರಂತೆ. ಬರೆಯುವುದಿಲ್ಲ ಎಂದಿದ್ದೇನೆ. ಸಾಹೇಬರು ಹಳೆಯ ಸಲುಗೆಯ ಮೇಲೆ ನಿಮಗೇ ಫೋನ್ ಮಾಡುತ್ತಾರೆ. ನನ್ನ ಪರವಾಗಿ ನೀವು ಕ್ಷಮೆ ಕೇಳಕೂಡದು ಅಪ್ಪಾ. ಬಾಯಿಮಾತಿಗೂ ಕೂಡದು.